ಚಿಕ್ಕ ಮಕ್ಕಳ ಆಹಾರ ಅಲರ್ಜಿ ಮತ್ತು ಪಥ್ಯ: ಪೋಷಕರಿಗೆ ಹಾಗೂ ಅಂಗನವಾಡಿ ಕಾರ್ಯಕರ್ತೆಯರಿಗೆ ಮಾಹಿತಿ

ಹಾಲು ಕುಡಿದ ಸ್ವಲ್ಪ ಹೊತ್ತಿನಲ್ಲೇ ಮಗುವಿನ ಮೈಮೇಲೆ ಗಂಧೆಗಳೇಳುವುದು, ಮೊಟ್ಟೆ ತಿಂದ ಅರ್ಧ ಗಂಟೆಯೊಳಗೆ ವಾಂತಿಯಾಗುವುದು, ಶೇಂಗಾ ಚಟ್ನಿ ತಗುಲಿದ ತುಟಿ ಬಾತುಕೊಳ್ಳುವುದು ಮುಂತಾದ ತೊಂದರೆಗಳು ಆಹಾರ ಅಲರ್ಜಿಯ ಲಕ್ಷಣಗಳಾಗಿರಬಹುದು. ಇದಕ್ಕೆ ಮುಖ್ಯ ಪರಿಹಾರವೆಂದರೆ ಅಲರ್ಜಿ ಉಂಟುಮಾಡುವ ಆಹಾರವನ್ನು ಬಿಡುವುದು, ಅಂದರೆ ಪಥ್ಯ.

ಪಥ್ಯವೆಂಬುದು ನಮ್ಮ ಜನರಿಗೆ ಹೊಸದಲ್ಲ. ಬಾಣಂತಿಗೆ ಪಥ್ಯವಿದೆ, ಕಾಮಾಲೆಯಾದವರಿಗೆ ಪಥ್ಯವಿದೆ, ನಾಟಿ ಔಷಧಿ ಪಡೆದವರಿಗೂ ಪಥ್ಯವಿದೆ. ಆದರೆ ಇವೆಲ್ಲವೂ ಕೆಲವು ದಿನ ಅಥವಾ ಕೆಲವು ವಾರಗಳ ಮಾತು. ಅಲರ್ಜಿಯಿರುವ ಮಗುವಿನ ಪಥ್ಯ ವರ್ಷಗಟ್ಟಲೆ ನಡೆಯುತ್ತದೆ. ಅದೂ ಮೂಳೆ, ಮೆದುಳು, ರಕ್ತ ಎಲ್ಲವೂ ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ. ಆದ್ದರಿಂದ ಪೋಷಕರು ಮೂರು ವಿಷಯಗಳನ್ನು ಗಮನದಲ್ಲಿರಿಸಿಕೊಳ್ಳಬೇಕು. ಅಲರ್ಜಿಯೆಂದು ಖಚಿತವಾದ ಆಹಾರವನ್ನು ಮಾತ್ರ ಬಿಡಬೇಕು. ಬಿಟ್ಟಮೇಲೆ ಪೂರ್ತಿಯಾಗಿ ಬಿಡಬೇಕು. ಬಿಟ್ಟ ಆಹಾರದಿಂದ ದೊರೆಯುತ್ತಿದ್ದ ಪೋಷಕಾಂಶಗಳನ್ನು ಬೇರೆ ಆಹಾರದಿಂದ ಅಥವಾ ಔಷಧಿಯಿಂದ ತುಂಬಿಕೊಡಬೇಕು. ಲೆಕ್ಕಪತ್ರ ಬರೆಯುವವರಿಗೆ ತಿಳಿದಿರುವಂತೆ, ಒಂದು ಕಡೆ ಹೊಡೆದುಹಾಕಿದ ಮೊತ್ತ ಇನ್ನೊಂದು ಕಡೆ ನಮೂದಾಗದಿದ್ದರೆ ತಾಳೆ ಬೀಳುವುದಿಲ್ಲ. ಮಕ್ಕಳ ಪಥ್ಯದಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಈ ಮೂರನೆಯ ವಿಷಯವೇ ಆದ್ದರಿಂದ, ಈ ಲೇಖನದಲ್ಲಿ ಅದಕ್ಕೆ ಹೆಚ್ಚು ಸ್ಥಳ ನೀಡಲಾಗಿದೆ.

ಅಲರ್ಜಿ ಯಾವುದು, ಯಾವುದು ಅಲ್ಲ

ದೇಹದ ರಕ್ಷಣಾ ವ್ಯವಸ್ಥೆಯು ರೋಗಾಣುಗಳ ವಿರುದ್ಧ ಹೋರಾಡಲು ಇರುವಂಥದ್ದು. ಕೆಲವು ಮಕ್ಕಳಲ್ಲಿ ಅದು ನಿರಪಾಯಕಾರಿಯಾದ ಆಹಾರದ ಪ್ರೋಟೀನನ್ನೇ ಶತ್ರುವೆಂದು ಭಾವಿಸಿ ಪ್ರತಿಕ್ರಿಯಿಸುತ್ತದೆ. ಇದೇ ಅಲರ್ಜಿ. ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಗಳೊಳಗೆ ಗಂಧೆ, ಬಾವು, ವಾಂತಿ, ಕೆಮ್ಮು, ಉಬ್ಬಸ ಕಾಣಿಸಿಕೊಳ್ಳುತ್ತವೆ. ಅದೇ ಆಹಾರವನ್ನು ಮತ್ತೆ ಕೊಟ್ಟಾಗ ಮತ್ತೆ ಅದೇ ತೊಂದರೆ ಬರುತ್ತದೆ. ಇನ್ನೊಂದು ಬಗೆಯ ಅಲರ್ಜಿ ನಿಧಾನವಾಗಿ, ಗಂಟೆಗಳು ಅಥವಾ ದಿನಗಳ ನಂತರ ತೋರುತ್ತದೆ. ಕೂಸಿನ ಮಲದಲ್ಲಿ ರಕ್ತದ ಎಳೆಗಳು ಕಾಣುವುದು, ಪದೇ ಪದೇ ವಾಂತಿ, ಇಸುಬು ಉಲ್ಬಣಿಸುವುದು ಇದರ ಲಕ್ಷಣಗಳು. ಈ ಎರಡನೆಯ ಬಗೆ ರಕ್ತಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪತ್ತೆಯಾಗುವುದಿಲ್ಲ.

ಹಾಲು, ಮೊಟ್ಟೆ, ಶೇಂಗಾ, ಗೋಡಂಬಿ-ಬಾದಾಮಿ ಮುಂತಾದ ಬೀಜಗಳು, ಗೋಧಿ, ಸೋಯಾ, ಮೀನು, ಸಿಗಡಿ-ಏಡಿ ಹಾಗೂ ಎಳ್ಳು ಹೆಚ್ಚಾಗಿ ಅಲರ್ಜಿ ಉಂಟುಮಾಡುವ ಆಹಾರಗಳಾಗಿವೆ.

ಆದರೆ ಮಗುವಿಗೆ ಒಗ್ಗದ್ದೆಲ್ಲವೂ ಅಲರ್ಜಿಯಲ್ಲ. ಟೊಮೇಟೊ ಅಥವಾ ಹುಳಿ ಹಣ್ಣು ತಿಂದಾಗ ಬಾಯಿಯ ಸುತ್ತ ಮಾತ್ರ ಕೆಂಪಾಗಿ, ತೊಳೆದ ಮೇಲೆ ಕಡಿಮೆಯಾಗುವುದು ಬಹುತೇಕ ಚರ್ಮದ ಉರಿಯಷ್ಟೆ. ತೀವ್ರ ಅತಿಸಾರದ ನಂತರ ಕೆಲವು ವಾರ ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿಗೆ ಸಂಬಂಧಿಸಿದ್ದು. ಅಂಥ ಮಗುವಿಗೆ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ, ಕರುಳು ಚೇತರಿಸಿಕೊಂಡಂತೆ ಹಾಲೂ ಒಗ್ಗುತ್ತದೆ. ಹಾಲಿನ ಅಲರ್ಜಿಯಿರುವ ಮಗುವಿಗಾದರೋ ಒಂದು ಚಮಚ ಮಜ್ಜಿಗೆಯೂ ಅಪಾಯಕಾರಿಯಾಗಬಹುದು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಒಂದು ಮಗುವಿಗೆ ಅನಗತ್ಯ ಪಥ್ಯವೂ ಇನ್ನೊಂದು ಮಗುವಿಗೆ ಅಪಾಯವೂ ಉಂಟಾಗುತ್ತದೆ.

ಇನ್ನು ಶೀತ, ಉಷ್ಣ, ನಂಜು ಎಂಬ ಮನೆಯ ವಿಂಗಡಣೆ. ಬಾಳೆಹಣ್ಣು ಶೀತ, ಪರಂಗಿ ಉಷ್ಣ, ಬದನೆ ನಂಜು ಎಂಬ ನಂಬಿಕೆಯಿಂದ ಹಿರಿಯರು ಕೆಲವು ಆಹಾರಗಳನ್ನು ದೂರವಿಡುತ್ತಾರೆ. ಆರೋಗ್ಯವಂತ ಮಗುವಿನ ಮಟ್ಟಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ಆದರೆ ವೈದ್ಯರು ಹೇಳಿದ ಪಥ್ಯದ ಮೇಲೆ ಮನೆಯ ಪಥ್ಯವೂ ಸೇರಿದರೆ ತಟ್ಟೆಯಲ್ಲಿ ಉಳಿಯುವುದು ಅನ್ನ ಮತ್ತು ತಿಳಿಸಾರು ಮಾತ್ರ. ಉದಾಹರಣೆಗೆ, ಇಸುಬು ಇರುವ 14 ತಿಂಗಳ ಒಂದು ಮಗುವಿಗೆ ಹಾಲಿನ ಅಲರ್ಜಿ ಖಚಿತವಾಗಿದೆ ಎಂದಿಟ್ಟುಕೊಳ್ಳೋಣ. ತುರಿಕೆ ಕಡಿಮೆಯಾಗಲಿಲ್ಲವೆಂದು ಮನೆಯವರು ಮೊಟ್ಟೆ ಬಿಡಿಸುತ್ತಾರೆ, ನೆರೆಯವರ ಮಾತಿನಂತೆ ಗೋಧಿ ಬಿಡಿಸುತ್ತಾರೆ, ಆಮೇಲೆ ತೊಗರಿಬೇಳೆ ನಂಜೆಂದು ಅದನ್ನೂ ನಿಲ್ಲಿಸುತ್ತಾರೆ. ಆರು ತಿಂಗಳಲ್ಲಿ ತುರಿಕೆ ಹಾಗೆಯೇ ಇರುತ್ತದೆ, ತೂಕ ಮಾತ್ರ ನಿಂತಿರುತ್ತದೆ. ಇಂಥ ಮಗುವಿಗೆ ಇಸುಬಿನ ಚಿಕಿತ್ಸೆಯಾಗಿ ದಿನವೂ ಚರ್ಮಕ್ಕೆ ಹಚ್ಚುವ ಮುಲಾಮು ಬೇಕಿತ್ತೇ ಹೊರತು ಇನ್ನಷ್ಟು ಪಥ್ಯವಲ್ಲ.

ಪರೀಕ್ಷೆಯ ವರದಿ ಮತ್ತು ನಿಜವಾದ ಅಲರ್ಜಿ

ಈ ವಿಷಯದಲ್ಲಿ ನಮ್ಮ ರಾಜ್ಯದ್ದೇ ಅಂಕಿಅಂಶಗಳು ಲಭ್ಯವಿವೆ. ಯೂರೋಪ್ರಿವಾಲ್-ಇಂಕೋ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಚೀನಾ ಮತ್ತು ರಷ್ಯಾಗಳ ಜೊತೆಗೆ ಕರ್ನಾಟಕದ ಶಾಲಾ ಮಕ್ಕಳನ್ನೂ ಪರೀಕ್ಷಿಸಲಾಗಿತ್ತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ವಿವರವಾದ ಪರೀಕ್ಷೆಗೆ ಒಳಗಾದ ಇಲ್ಲಿನ ಮಕ್ಕಳಲ್ಲಿ ಶೇಕಡ 19ರಷ್ಟು ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಪ್ರತಿಕಾಯ ಕಂಡುಬಂದಿತು. ಆದರೆ ಆಹಾರ ಅಲರ್ಜಿ ಇರುವ ಸಂಭವವಿದೆಯೆಂದು ಪರಿಗಣಿಸಲಾದ ಮಕ್ಕಳ ಪ್ರಮಾಣ ಶೇಕಡ 0.14 ಮಾತ್ರ. ಅಂದರೆ ರಕ್ತಪರೀಕ್ಷೆಯಲ್ಲಿ ಸಂಖ್ಯೆ ಬಂದ ಮಕ್ಕಳಲ್ಲಿ ಬಹುಪಾಲು ಮಂದಿ ಆ ಆಹಾರವನ್ನು ದಿನವೂ ತಿಂದು ಆರೋಗ್ಯವಾಗಿಯೇ ಇದ್ದಾರೆ.

ಇದರಿಂದ ಪೋಷಕರು ಅರಿಯಬೇಕಾದುದು ಇಷ್ಟೆ. ರಕ್ತಪರೀಕ್ಷೆಯಾಗಲಿ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ ಸಂಶಯವನ್ನು ದೃಢಪಡಿಸಲು ಸಹಾಯಕವೇ ಹೊರತು, ತಾನೇ ತೀರ್ಪಲ್ಲ. ಮಗು ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಹಿಂದೆ ಅದೇ ಆಹಾರ ತಿಂದಾಗ ಏನಾಗಿತ್ತು ಎಂಬ ವಿವರವೇ ವೈದ್ಯರಿಗೆ ಮುಖ್ಯ ಆಧಾರ. ಆದ್ದರಿಂದ ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ವೇಳೆ, ಆಹಾರ ಮತ್ತು ಲಕ್ಷಣಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗಂಧೆಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಆಸ್ಪತ್ರೆ ತಲಪುವ ಹೊತ್ತಿಗೆ ಅವು ಮಾಯವಾಗಿರುತ್ತವೆ. ಸಂಶಯ ಉಳಿದರೆ ಆಸ್ಪತ್ರೆಯಲ್ಲಿ ವೈದ್ಯರ ಎದುರಿನಲ್ಲಿ ಆ ಆಹಾರವನ್ನು ಅಲ್ಪ ಪ್ರಮಾಣದಿಂದ ಆರಂಭಿಸಿ ತಿನ್ನಿಸಿ ನೋಡಲಾಗುತ್ತದೆ. ಇದನ್ನು ಮನೆಯಲ್ಲಿ ಪ್ರಯತ್ನಿಸಕೂಡದು.

ಖಾಸಗಿಯಾಗಿ ಮಾರಲಾಗುವ, ನೂರು ಇನ್ನೂರು ಆಹಾರಗಳನ್ನು ಒಂದೇ ಬಾರಿಗೆ ಪರೀಕ್ಷಿಸುವ ಐಜಿಜಿ ಪರೀಕ್ಷೆಗಳು ಮತ್ತು ಕೂದಲಿನ ಪರೀಕ್ಷೆಗಳಿಗೆ ಅಲರ್ಜಿ ನಿರ್ಣಯದಲ್ಲಿ ವೈಜ್ಞಾನಿಕ ಮಾನ್ಯತೆ ಇಲ್ಲ. ಐಜಿಜಿ ಎಂಬುದು ಮಗು ಆ ಆಹಾರವನ್ನು ತಿಂದಿದೆ ಎಂಬುದರ ಗುರುತು ಮಾತ್ರ. ಇಂಥ ವರದಿಯ ಆಧಾರದ ಮೇಲೆ ಇಪ್ಪತ್ತು ಆಹಾರಗಳನ್ನು ಬಿಡಿಸುವುದು ಹಣವನ್ನೂ ಮಗುವಿನ ತೂಕವನ್ನೂ ಏಕಕಾಲಕ್ಕೆ ಕಳೆದುಕೊಂಡಂತೆ.

ನಿಧಾನ ಬಗೆಯ ಅಲರ್ಜಿಯ ಸಂಶಯವಿದ್ದಲ್ಲಿ ವೈದ್ಯರು ಎರಡರಿಂದ ನಾಲ್ಕು ವಾರ ಒಂದು ಆಹಾರವನ್ನು ಬಿಡಿಸಿ, ನಂತರ ಮತ್ತೆ ಕೊಟ್ಟು ನೋಡಲು ಸೂಚಿಸುತ್ತಾರೆ. ಮತ್ತೆ ಕೊಟ್ಟು ನೋಡುವ ಭಾಗವನ್ನು ಬಹಳ ಮಂದಿ ಕೈಬಿಡುತ್ತಾರೆ. ಮಗು ಚೆನ್ನಾಗಿದೆ, ಏಕೆ ಕೆಣಕಬೇಕು ಎಂಬ ಅವರ ಭಾವನೆ ಸಹಜವೇ. ಆದರೂ ಆ ಹಂತ ಪೂರ್ಣವಾಗದ ಹೊರತು ಅಲರ್ಜಿ ಇದೆಯೆಂದು ಹೇಳಲಾಗದು.

ಹಾಲಿನ ಪಥ್ಯ

ಎಲ್ಲ ಪಥ್ಯಗಳಲ್ಲಿ ಕಠಿಣವಾದುದು ಹಾಲಿನದು. ಮೊದಲಿಗೆ ಎದೆಹಾಲಿನ ವಿಷಯ. ಹಸುವಿನ ಹಾಲಿನ ಅಲರ್ಜಿಯಿರುವ ಕೂಸಿಗೆ ಎದೆಹಾಲು ನಿಲ್ಲಿಸಬಾರದು. ತಾಯಿ ಸೇವಿಸಿದ ಹಾಲಿನ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿನಲ್ಲಿ ಬರುವುದರಿಂದ, ಎದೆಹಾಲು ಮಾತ್ರ ಕುಡಿಯುವಾಗಲೂ ಕೂಸಿಗೆ ಲಕ್ಷಣಗಳಿದ್ದರೆ ವೈದ್ಯರು ತಾಯಿಗೇ ಹಾಲಿನ ಪಥ್ಯವನ್ನು ಸೂಚಿಸಬಹುದು. ಲಕ್ಷಣಗಳಿಲ್ಲದಿದ್ದರೆ ತಾಯಿಗೆ ಪಥ್ಯ ಬೇಕಿಲ್ಲ. ಎದೆಹಾಲು ಸಾಲದ ಅಥವಾ ದೊರೆಯದ ಕೂಸುಗಳಿಗೆ ಪ್ರೋಟೀನನ್ನು ಪೂರ್ಣವಾಗಿ ಒಡೆದು ತಯಾರಿಸಿದ ವಿಶೇಷ ಶಿಶು ಆಹಾರಗಳಿವೆ. ಅವುಗಳ ಬೆಲೆ ಹೆಚ್ಚು. ವೈದ್ಯರ ಲಿಖಿತ ಸಲಹೆಯಿಲ್ಲದೆ ಆರಂಭಿಸಕೂಡದು.

ಹಸುವಿನ ಹಾಲು ಒಗ್ಗದಿದ್ದರೆ ಎಮ್ಮೆಯ ಹಾಲು, ಅದೂ ಒಗ್ಗದಿದ್ದರೆ ಮೇಕೆಯ ಹಾಲು ಕೊಡಿ ಎಂಬ ಸಲಹೆ ಊರೂರಿನಲ್ಲಿ ಕೇಳಿಬರುತ್ತದೆ. ಇದು ಅಪಾಯಕಾರಿ. ಈ ಮೂರೂ ಹಾಲುಗಳ ಪ್ರೋಟೀನುಗಳು ಪರಸ್ಪರ ಬಹಳ ಹೋಲುವುದರಿಂದ ಹಸುವಿನ ಹಾಲಿಗೆ ಅಲರ್ಜಿಯಿರುವ ಬಹುತೇಕ ಮಕ್ಕಳು ಉಳಿದೆರಡಕ್ಕೂ ಪ್ರತಿಕ್ರಿಯಿಸುತ್ತಾರೆ. ಕೆಲವೆಡೆ ಕೂಸಿಗೆ ಕತ್ತೆಯ ಹಾಲು ಕುಡಿಸುವ ರೂಢಿಯಿದೆ. ಅದರ ಪ್ರೋಟೀನು ಭಿನ್ನವೆಂಬುದು ನಿಜವಾದರೂ, ಬೀದಿಯಲ್ಲಿ ಕರೆದು ಕಾಯಿಸದೆ ಕುಡಿಸುವ ಹಾಲಿನಿಂದ ಸೋಂಕು ತಗುಲುವ ಸಂಭವವಿದೆ. ಒಂದು ಒಳಲೆ ಹಾಲಿನಿಂದ ಪೋಷಣೆಯೂ ಆಗದು. ತೆಂಗಿನಕಾಯಿ ಹಾಲು, ಬಾದಾಮಿ ಹಾಲು, ಗಂಜಿ ತಿಳಿ ಇವು ಹೆಸರಿನಲ್ಲಿ ಅಥವಾ ಬಣ್ಣದಲ್ಲಿ ಹಾಲಿನಂತಿದ್ದರೂ ಒಂದು ವರ್ಷದೊಳಗಿನ ಕೂಸಿಗೆ ಹಾಲಿನ ಬದಲಿಯಾಗಲಾರವು.

ತುಪ್ಪದ ಬಗ್ಗೆ ಹಲವರು ಕೇಳುತ್ತಾರೆ. ಚೆನ್ನಾಗಿ ಕಾಯಿಸಿ ಸೋಸಿದ ತುಪ್ಪದಲ್ಲಿ ಪ್ರೋಟೀನು ಬಹಳ ಕಡಿಮೆ, ಆದರೆ ಪೂರ್ತಿ ಇಲ್ಲವೆಂದು ಹೇಳಲಾಗದು. ತೀವ್ರ ಅಲರ್ಜಿಯಿರುವ ಮಗುವಿಗೆ ವೈದ್ಯರ ಅನುಮತಿಯಿಲ್ಲದೆ ಕೊಡಬಾರದು. ಕೂಸಿನ ಮೈಗೆ ಹಾಲಿನ ಕೆನೆ ಹಚ್ಚಿ ಸ್ನಾನ ಮಾಡಿಸುವ ಪದ್ಧತಿಯನ್ನೂ ಇಂಥ ಮಗುವಿನ ವಿಷಯದಲ್ಲಿ ಬಿಡಬೇಕು. ಇಸುಬಿನಿಂದ ಒಡೆದ ಚರ್ಮದ ಮೂಲಕವೂ ಅಲರ್ಜಿ ಕೆರಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎರಡು ವರ್ಷದ ಮಗು ದಿನಕ್ಕೆ 400 ಮಿಲಿಲೀಟರ್ ಹಾಲು ಕುಡಿಯುತ್ತಿದ್ದರೆ ಅದರಿಂದ ಸುಮಾರು 480 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ಸುಮಾರು 13 ಗ್ರಾಂ ಪ್ರೋಟೀನು ದೊರೆಯುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿದಂತೆ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಲು ನಿಂತರೆ ಇದರ ಬಹುಭಾಗ ಒಮ್ಮೆಲೇ ಇಲ್ಲವಾಗುತ್ತದೆ.

ಪ್ರೋಟೀನಿನ ಕೊರತೆಯನ್ನು ತುಂಬುವುದು ಅಷ್ಟು ಕಷ್ಟವಲ್ಲ. ತೊಗರಿ, ಹೆಸರು, ಕಡಲೆ, ಅಲಸಂದೆ, ಹುರುಳಿ ಇವುಗಳಲ್ಲಿ ಯಾವುದಾದರೊಂದು ಪ್ರತಿ ಊಟದಲ್ಲೂ ಗಟ್ಟಿಯಾಗಿ ಇರಬೇಕು. ಬೇಳೆಯ ಕಟ್ಟನ್ನು ಮಾತ್ರ ಕಲಸಿ ತಿನ್ನಿಸಿದರೆ ಸಾಲದು, ಬೇಳೆಯೇ ಮಗುವಿನ ಬಾಯಿಗೆ ಹೋಗಬೇಕು. ಹಾಲಿನ ಕೊಬ್ಬಿನಿಂದ ಬರುತ್ತಿದ್ದ ಶಕ್ತಿಗಾಗಿ ಅನ್ನಕ್ಕೆ, ಮುದ್ದೆಗೆ ಒಂದೊಂದು ಚಮಚ ಎಣ್ಣೆ ಅಥವಾ ತೆಂಗಿನ ತುರಿ ಸೇರಿಸಬಹುದು.

ಕ್ಯಾಲ್ಸಿಯಂ ವಿಷಯ ಹಾಗಲ್ಲ. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೇರಾವ ಸಾಮಾನ್ಯ ಧಾನ್ಯದಲ್ಲೂ ಇಷ್ಟಿಲ್ಲ. ಹಾಗೆಂದು ರಾಗಿಯೊಂದೇ ಸಾಕೆಂದು ಭಾವಿಸುವುದು ಸರಿಯಲ್ಲ. ಮಗು ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಸಣ್ಣ ಮುದ್ದೆ ಸೇರಿ 60 ಗ್ರಾಂ ರಾಗಿ ಹಿಟ್ಟು ತಿಂದರೂ ಸಿಗುವುದು ಸುಮಾರು 216 ಮಿಲಿಗ್ರಾಂ. 20 ಗ್ರಾಂ ನುಗ್ಗೆಸೊಪ್ಪಿನಿಂದ ಇನ್ನು 60 ಮಿಲಿಗ್ರಾಂ. ಒಟ್ಟು 280ರ ಆಸುಪಾಸಿನಲ್ಲಿ ನಿಲ್ಲುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶದಿಂದ ಇದರಲ್ಲೂ ಒಂದು ಭಾಗ ದೇಹಕ್ಕೆ ಹೀರಲ್ಪಡುವುದಿಲ್ಲ; ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಈ ನಷ್ಟ ಕಡಿಮೆ. ಕರಾವಳಿಯ ಮನೆಗಳಲ್ಲಿ ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಅರೆದ ಸಣ್ಣ ಮೀನು ಒಳ್ಳೆಯ ಮೂಲ. ಉಳಿದ ಕೊರತೆಗೆ ವೈದ್ಯರು ಬರೆದುಕೊಡುವ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಔಷಧಿಯನ್ನು ತಪ್ಪದೆ ಕೊಡಬೇಕು. ಟಾನಿಕ್ ತಾನೇ ಎಂದು ತಿಂಗಳ ಕೊನೆಯಲ್ಲಿ ಬಿಟ್ಟುಬಿಡುವ ವಸ್ತು ಇದಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ಬಿ-12 ಜೀವಸತ್ವವು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ ಮಾತ್ರ ದೊರೆಯುತ್ತದೆ. ಸೊಪ್ಪು, ಬೇಳೆ, ಧಾನ್ಯಗಳಿಂದ ದೊರೆಯುವುದಿಲ್ಲ. ಸಸ್ಯಾಹಾರಿ ಕುಟುಂಬದ ಮಗುವಿಗೆ ಹಾಲೂ ನಿಂತರೆ ಬಿ-12ರ ಯಾವ ಮೂಲವೂ ಉಳಿಯುವುದಿಲ್ಲ. ಕೊರತೆ ನಿಧಾನವಾಗಿ ಬರುತ್ತದೆ: ಮಗು ಮಂಕಾಗುತ್ತದೆ, ನಗುವುದು ಕಡಿಮೆಯಾಗುತ್ತದೆ, ಕೂರಲು ನಿಲ್ಲಲು ಕಲಿತದ್ದು ಮರೆಯುತ್ತದೆ, ರಕ್ತಹೀನತೆ ಬರುತ್ತದೆ, ಕೆಲವು ಶಿಶುಗಳಲ್ಲಿ ಕೈಕಾಲು ನಡುಕವೂ ಕಾಣುತ್ತದೆ. ತಡವಾದರೆ ಮೆದುಳಿನ ಬೆಳವಣಿಗೆಗೆ ಆದ ಹಾನಿ ಪೂರ್ತಿ ಸರಿಹೋಗದಿರಬಹುದು. ಕೂಸಿಗಾಗಿ ತಾನೇ ಹಾಲು ಬಿಟ್ಟಿರುವ ಸಸ್ಯಾಹಾರಿ ತಾಯಿಯ ಎದೆಹಾಲಿನಲ್ಲಿಯೂ ಬಿ-12 ಕಡಿಮೆಯಾಗುತ್ತದೆ. ಇಂಥ ಕುಟುಂಬಗಳು ಹಾಲಿನ ಪಥ್ಯ ಆರಂಭಿಸುವ ದಿನವೇ ತಾಯಿಗೂ ಮಗುವಿಗೂ ಬಿ-12 ಔಷಧಿಯ ಬಗ್ಗೆ ವೈದ್ಯರನ್ನು ಕೇಳತಕ್ಕದ್ದು.

ಮೊಟ್ಟೆ, ಶೇಂಗಾ ಮತ್ತು ಗೋಧಿ

ಮೊಟ್ಟೆಯನ್ನು ಬಿಡಿಸಿದರೆ ಬೇಳೆಕಾಳು, ಹಾಲು, ಮೀನುಗಳಿಂದ ಕೊರತೆ ತುಂಬಬಹುದು. ಅಲರ್ಜಿ ಹೆಚ್ಚಾಗಿ ಬಿಳಿಯ ಭಾಗಕ್ಕೆ ಇರುವುದಾದರೂ ಹಳದಿಯನ್ನು ಮಾತ್ರ ಬೇರ್ಪಡಿಸಿ ಕೊಡುವುದು ಸುರಕ್ಷಿತವಲ್ಲ, ಎರಡೂ ಬೆರೆತೇ ಇರುತ್ತವೆ. ಲಸಿಕೆಯ ಬಗ್ಗೆ ಒಂದು ಮಾತು: ಮೊಟ್ಟೆಯ ಅಲರ್ಜಿ ಇದೆಯೆಂದು ದಡಾರ-ರುಬೆಲ್ಲಾ ಲಸಿಕೆಯನ್ನು ತಪ್ಪಿಸುವ ಅಗತ್ಯವಿಲ್ಲ, ಅಂಥ ಮಕ್ಕಳಿಗೂ ಅದು ಸುರಕ್ಷಿತ. ಆರೋಗ್ಯ ಸಹಾಯಕಿಗೆ ಅಲರ್ಜಿಯ ವಿಷಯ ತಿಳಿಸಿ ಲಸಿಕೆ ಹಾಕಿಸಬೇಕು.

ಶೇಂಗಾ ನಮ್ಮಲ್ಲಿ ಎಲ್ಲೆಡೆ ಅಡಗಿದೆ. ಉತ್ತರ ಕರ್ನಾಟಕದ ಶೇಂಗಾ ಹಿಂಡಿ ಮತ್ತು ಹೋಳಿಗೆ ಎದ್ದು ಕಾಣುತ್ತವೆ. ಆದರೆ ಎಣ್ಣೆಗಾಯಿಯ ಮಸಾಲೆ, ಚಿತ್ರಾನ್ನದ ಒಗ್ಗರಣೆ, ಪುಳಿಯೋಗರೆ ಗೊಜ್ಜು, ಹೋಟೆಲಿನ ಚಟ್ನಿ ಇವುಗಳಲ್ಲಿ ಕೇಳಿಯೇ ತಿಳಿಯಬೇಕು. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಶೇಂಗಾ, ಎಳ್ಳು ಎರಡೂ ಇದ್ದು, ಮನೆಮನೆಗೆ ಬೀರುವಾಗ ಯಾರೋ ಅಕ್ಕರೆಯಿಂದ ಮಗುವಿನ ಬಾಯಿಗೇ ಹಾಕಿಬಿಡುತ್ತಾರೆ. ಹಬ್ಬಕ್ಕೆ ಮುಂಚೆಯೇ ನೆರೆಹೊರೆಯವರಿಗೆ ಹೇಳಿಡುವುದು ಲೇಸು. ಗಾಣದಲ್ಲಿ ಹಿಂಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಉಳಿದಿರುವುದರಿಂದ ಅಲರ್ಜಿಯ ಮಗುವಿಗೆ ಅದು ಸಲ್ಲದು. ಶೇಂಗಾ ಒಗ್ಗದ ಮಗುವಿಗೆ ತೊಗರಿ, ಹೆಸರು ಮುಂತಾದ ಕಾಳುಗಳು ಸಾಮಾನ್ಯವಾಗಿ ಒಗ್ಗುತ್ತವೆ. ಹುರಿಗಡಲೆ ಬೇರೆ, ಕಡಲೆಕಾಯಿ ಬೇರೆ. ಹೆಸರಿನ ಹೋಲಿಕೆಯಿಂದ ಅದನ್ನೂ ಬಿಡಿಸಬೇಕಾಗಿಲ್ಲ.

ಇಲ್ಲಿಯೇ ಇನ್ನೊಂದು ಸಂಗತಿ ಹೇಳಬೇಕು. ಅಲರ್ಜಿಯ ಭಯದಿಂದ ಆರೋಗ್ಯವಂತ ಕೂಸಿಗೆ ಶೇಂಗಾ, ಮೊಟ್ಟೆಗಳನ್ನು ತಡಮಾಡಿ ಕೊಡುವುದರಿಂದ ರಕ್ಷಣೆ ಸಿಗುವುದಿಲ್ಲ. ಲಂಡನ್ನಿನಲ್ಲಿ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, 4ರಿಂದ 11 ತಿಂಗಳೊಳಗೆ ಶೇಂಗಾ ತಿನ್ನಲಾರಂಭಿಸಿದ ಮಕ್ಕಳಲ್ಲಿ ಐದನೆಯ ವರ್ಷಕ್ಕೆ ಶೇಂಗಾ ಅಲರ್ಜಿ ಬಹಳ ಕಡಿಮೆ ಇತ್ತು. ನಮ್ಮಲ್ಲಿ ಆರು ತಿಂಗಳು ತುಂಬಿದ ಮೇಲೆ ಮೇಲುಣಿಸು ಆರಂಭಿಸುವಾಗ ಇವನ್ನು ನುಣ್ಣಗೆ ಮಾಡಿ ಸ್ವಲ್ಪ ಸ್ವಲ್ಪವಾಗಿ ಪರಿಚಯಿಸಬಹುದು. ತೀವ್ರ ಇಸುಬು ಇರುವ ಕೂಸಿಗೆ ಮೊದಲು ವೈದ್ಯರ ಸಲಹೆ ಬೇಕು. ಇಡೀ ಶೇಂಗಾ ಬೀಜವನ್ನು ಮಾತ್ರ ಐದು ವರ್ಷದೊಳಗಿನ ಯಾವ ಮಗುವಿಗೂ ಕೊಡಬಾರದು, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತದೆ.

ಗೋಧಿಯ ಪಥ್ಯ ನಮ್ಮ ರಾಜ್ಯದಲ್ಲಿ ಸುಲಭವೆಂದೇ ಹೇಳಬೇಕು. ಅಕ್ಕಿ, ರಾಗಿ, ಜೋಳ, ನವಣೆ ಇರುವ ಅಡುಗೆಮನೆಯಲ್ಲಿ ಚಪಾತಿಯಿಲ್ಲದೆಯೂ ಸಮೃದ್ಧ ಊಟವಿದೆ. ಆದರೆ ರವೆ, ಶ್ಯಾವಿಗೆ, ಮೈದಾ ಇವೆಲ್ಲ ಗೋಧಿಯವೇ ಎಂಬುದು ಎಲ್ಲರ ನೆನಪಿನಲ್ಲಿರುವುದಿಲ್ಲ. ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಅದು ಸಾರಿನ ಪುಡಿಯ ಮೂಲಕ ದಿನವೂ ಮಗುವಿನ ತಟ್ಟೆಗೆ ಬರುತ್ತದೆ.

ಪೊಟ್ಟಣದ ಮೇಲಿನ ವಿವರ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ, ಪೊಟ್ಟಣದ ಆಹಾರದಲ್ಲಿ ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿ, ಶೇಂಗಾ ಮತ್ತು ಬೀಜಗಳು, ಸೋಯಾ, ಗ್ಲುಟೆನ್ ಇರುವ ಧಾನ್ಯಗಳು ಇದ್ದಲ್ಲಿ ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಇಂಗ್ಲಿಷಿನಲ್ಲಿ ‘ಕಂಟೇನ್ಸ್’ ಎಂಬ ಪದದ ಮುಂದೆ ಇದು ಮುದ್ರಿತವಾಗಿರುತ್ತದೆ. ಎಳ್ಳು ಈ ಪಟ್ಟಿಯಲ್ಲಿಲ್ಲ, ಅದಕ್ಕಾಗಿ ಪದಾರ್ಥಗಳ ಪೂರ್ಣ ಪಟ್ಟಿಯನ್ನೇ ಓದಬೇಕು. ಕೇಸಿನ್, ವ್ಹೇ, ಮಿಲ್ಕ್ ಸಾಲಿಡ್ಸ್ ಎಂದರೆ ಹಾಲು. ಸೆಮೊಲಿನಾ ಎಂದರೆ ರವೆ. ಹಸಿರು ಗುರುತು ಮೊಟ್ಟೆ-ಮಾಂಸ ಇಲ್ಲವೆಂದು ಹೇಳುತ್ತದೆಯೇ ಹೊರತು ಹಾಲಿಲ್ಲವೆಂದಲ್ಲ. ಇಂಗ್ಲಿಷ್ ಓದಲು ಬಾರದವರು ಅಂಗಡಿಯವರ ಮಾತನ್ನು ನಂಬುವ ಬದಲು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳುವುದು ಉತ್ತಮ. ಬೇಕರಿಯ ಬಿಡಿ ತಿನಿಸುಗಳ ಮೇಲೆ ಯಾವ ಬರಹವೂ ಇರುವುದಿಲ್ಲವಾದ್ದರಿಂದ ಹಾಲು, ಮೊಟ್ಟೆ ಅಥವಾ ಬೀಜಗಳ ಅಲರ್ಜಿಯಿರುವ ಮಗುವಿಗೆ ಅವು ಬೇಡ.

ಮನೆಯಲ್ಲಿ ಇತರರಿಗಾಗಿ ಆ ಆಹಾರವನ್ನು ಮಾಡುವುದಿದ್ದರೆ ಮಗುವಿನ ಅಡುಗೆಯನ್ನು ಮೊದಲು ಮಾಡಿ ಮುಚ್ಚಿಡಬೇಕು, ಸೌಟು ಬೇರೆ ಇರಬೇಕು. ಪಂಚಾಮೃತ, ಪೇಡ ಮುಂತಾದ ಪ್ರಸಾದದ ವಿಷಯದಲ್ಲಿ ಸಂಕೋಚ ಬೇಡ. ಕಣ್ಣಿಗೊತ್ತಿಕೊಂಡು ದೊಡ್ಡವರು ಸ್ವೀಕರಿಸಿದರೆ ಸಾಕು.

ಅಂಗನವಾಡಿಯಲ್ಲಿ

ಅಂಗನವಾಡಿಯ ಪೂರಕ ಪೌಷ್ಟಿಕ ಆಹಾರವು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ವಯ ಮಗುವಿನ ಹಕ್ಕು. ಅಲರ್ಜಿಯ ಕಾರಣಕ್ಕೆ ಮಗುವನ್ನು ಕೇಂದ್ರಕ್ಕೆ ಕಳುಹಿಸದೆ ಇರುವುದಾಗಲಿ, ಬರಬೇಡವೆಂದು ಹೇಳುವುದಾಗಲಿ ಸರಿಯಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಕೊಡುವ ಹಾಲು ಹಾಗೂ ಮೊಟ್ಟೆ ಬಹುತೇಕ ಮಕ್ಕಳಿಗೆ ವರದಾನ, ಅಲರ್ಜಿಯಿರುವ ಒಂದು ಮಗುವಿಗೆ ಮಾತ್ರ ಅಪಾಯ. ಪೋಷಕರು ವೈದ್ಯರ ಚೀಟಿಯ ನಕಲನ್ನು ಕಾರ್ಯಕರ್ತೆಗೆ ಕೊಡಬೇಕು. ಬಾಯಿಮಾತಿನಲ್ಲಿ ಹೇಳಿದ್ದು ಕಾರ್ಯಕರ್ತೆ ರಜೆಯಲ್ಲಿದ್ದ ದಿನ ಸಹಾಯಕಿಗೆ ತಿಳಿದಿರುವುದಿಲ್ಲ. ಮಗುವಿನ ಹೆಸರು, ಕೊಡಬಾರದ ಆಹಾರ, ತುರ್ತಿನಲ್ಲಿ ಕರೆಯಬೇಕಾದ ದೂರವಾಣಿ ಸಂಖ್ಯೆಗಳನ್ನು ಅಡುಗೆ ಕೋಣೆಯ ಗೋಡೆಯ ಮೇಲೆ ಬರೆದು ಅಂಟಿಸಬೇಕು. ಮಗುವಿಗೆ ತನ್ನದೇ ಲೋಟ, ತಟ್ಟೆ ಇರಲಿ. ಮಕ್ಕಳು ಪರಸ್ಪರ ಹಂಚಿ ತಿನ್ನುವ ವಯಸ್ಸಿದು, ಆದ್ದರಿಂದ ಅದನ್ನು ಬೇರೆ ಕೂರಿಸದೆ ಕಣ್ಣೆದುರಿಗೆ ಕೂರಿಸಿಕೊಳ್ಳಬೇಕು.

ಮೊಟ್ಟೆಯ ಬದಲಿಗೆ ಏನು ಕೊಡಲಾಗುತ್ತಿದೆ ಎಂಬುದನ್ನೂ ನೋಡಬೇಕು. ಮೊಟ್ಟೆ ತಿನ್ನದ ಮಕ್ಕಳಿಗೆ ಶೇಂಗಾ ಚಿಕ್ಕಿ ಕೊಡುವ ಪದ್ಧತಿ ಹಲವೆಡೆ ಇದ್ದದ್ದುಂಟು. ಮೊಟ್ಟೆ, ಶೇಂಗಾ ಎರಡೂ ಒಗ್ಗದ ಮಗುವಿಗೆ ಬಾಳೆಹಣ್ಣು ಸುರಕ್ಷಿತ, ಆದರೆ ಅದರಲ್ಲಿ ಮೊಟ್ಟೆಯಷ್ಟು ಪ್ರೋಟೀನಿಲ್ಲ. ಬೆಂದ ಕಾಳಿನ ಉಸಲಿ ಹೆಚ್ಚು ಸೂಕ್ತವೆಂಬುದು ಈ ಲೇಖಕರ ಅಭಿಪ್ರಾಯ.

ಪಥ್ಯದಲ್ಲಿರುವ ಮಗುವಿನ ತೂಕವನ್ನು ಪ್ರತಿ ತಿಂಗಳೂ, ಎತ್ತರವನ್ನು ಮೂರು ತಿಂಗಳಿಗೊಮ್ಮೆಯಾದರೂ ಅಳೆದು ತಾಯಿ ಕಾರ್ಡಿನ ಬೆಳವಣಿಗೆ ರೇಖೆಯಲ್ಲಿ ಗುರುತಿಸಬೇಕು. ಎರಡು ತಿಂಗಳು ಸತತವಾಗಿ ರೇಖೆ ಮೇಲೇರದಿದ್ದರೆ ಕಾಯದೆ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ತೀವ್ರ ಅಪೌಷ್ಟಿಕತೆಯಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸುವಾಗ ಹಾಲಿನ ಅಥವಾ ಶೇಂಗಾದ ಅಲರ್ಜಿಯನ್ನು ಮೊದಲೇ ತಿಳಿಸಬೇಕು, ಏಕೆಂದರೆ ಚಿಕಿತ್ಸೆಗೆ ಬಳಸುವ ಆಹಾರಗಳು ಬಹುಪಾಲು ಹಾಲು, ಶೇಂಗಾಗಳಿಂದಲೇ ತಯಾರಾಗಿರುತ್ತವೆ.

ತುರ್ತು ಸಂದರ್ಭ

ಗಂಧೆಯ ಜೊತೆಗೆ ಉಸಿರಾಟದ ತೊಂದರೆ, ಸತತ ಕೆಮ್ಮು, ಗೊಗ್ಗರು ಧ್ವನಿ, ನಾಲಿಗೆ ಊತ, ಮೇಲಿಂದ ಮೇಲೆ ವಾಂತಿ, ಮೈ ಬಿಳಿಚಿಕೊಂಡು ಮಗು ಜೋಲುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಪ್ರಾಣಾಪಾಯದ ಅಲರ್ಜಿ. ಕೆಲವೊಮ್ಮೆ ಗಂಧೆಯಿಲ್ಲದೆಯೂ ಇದು ಬರಬಹುದು. ತಕ್ಷಣ 108ಕ್ಕೆ ಕರೆ ಮಾಡಬೇಕು ಅಥವಾ ಸಿಕ್ಕಿದ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಮಗುವನ್ನು ಮಲಗಿಸಿಯೇ ಇರಬೇಕು. ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ಮಡಿಲಲ್ಲಿ ಒರಗಿಸಿಕೊಳ್ಳಬಹುದು. ನಿಲ್ಲಿಸುವುದು, ನಡೆಸುವುದು ಕೂಡದು. ತಿನ್ನಲು, ಕುಡಿಯಲು ಏನನ್ನೂ ಕೊಡಬಾರದು.

ಈ ಸ್ಥಿತಿಗೆ ಔಷಧಿ ಒಂದೇ: ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಇದು ಅಪರೂಪದ ಔಷಧಿಯಲ್ಲ. ಲಸಿಕೆ ಹಾಕುವ ಕಡೆಗಳಲ್ಲಿಯೂ ಇಟ್ಟಿರಬೇಕಾದದ್ದು. ಆಸ್ಪತ್ರೆ ತಲಪಿದೊಡನೆ ಆಹಾರದ ಅಲರ್ಜಿ ಎಂಬ ಮಾತನ್ನು ಮೊದಲು ಹೇಳಬೇಕು. ತುರಿಕೆಗೆ ಮನೆಯಲ್ಲಿರುವ ಸಿರಪ್ ಗಂಧೆಯನ್ನು ತಗ್ಗಿಸಬಹುದೇ ವಿನಾ ಉಸಿರುಗಟ್ಟುವುದನ್ನು ತಡೆಯಲಾರದು. ಪಿತ್ತದ ಗಂಧೆಯೆಂದು ಕಂಬಳಿಯಿಂದ ಉಜ್ಜುತ್ತ, ಪುನರ್ಪುಳಿ ನೀರು ಕುಡಿಸುತ್ತ ಕಳೆಯುವ ಅರ್ಧ ಗಂಟೆ ಬಹಳ ದುಬಾರಿಯಾದದ್ದು. ಮಗು ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸಬಹುದಾದ್ದರಿಂದ ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲಿಯೇ ಇರಬೇಕು. ಒಮ್ಮೆ ಇಂಥ ಘಟನೆ ನಡೆದಿದ್ದರೆ, ಮನೆಯಲ್ಲಿ ಅಡ್ರಿನಲಿನ್ ಇಟ್ಟುಕೊಳ್ಳಬೇಕೇ, ಅದನ್ನು ಯಾರು ಹೇಗೆ ಕೊಡಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಕಲಿಯಬೇಕು.

ಪಥ್ಯ ಎಷ್ಟು ಕಾಲ

ಹಾಲು, ಮೊಟ್ಟೆ, ಗೋಧಿಗಳ ಅಲರ್ಜಿ ಬಹುತೇಕ ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ಕಳೆಯುತ್ತದೆ. ಶೇಂಗಾ ಅಲರ್ಜಿ ಐವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಹೋಗುತ್ತದೆ. ಬೀಜಗಳು, ಮೀನು, ಸಿಗಡಿಯ ಅಲರ್ಜಿ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಆದ್ದರಿಂದ ಒಮ್ಮೆ ಬರೆದ ಪಥ್ಯ ಶಾಶ್ವತವಲ್ಲ. ಚಿಕ್ಕ ಮಕ್ಕಳನ್ನು ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಮರುಪರೀಕ್ಷೆಗೆ ಕರೆದೊಯ್ಯಬೇಕು. ಎಷ್ಟೋ ಮಕ್ಕಳಿಗೆ ಮೊದಲು ಒಗ್ಗುವುದು ಹಿಟ್ಟಿನೊಡನೆ ಬೆರೆಸಿ ಚೆನ್ನಾಗಿ ಬೇಯಿಸಿದ ಹಾಲು, ಮೊಟ್ಟೆ. ಆಮೇಲೆ ಹಾಗೆಯೇ ಕೊಟ್ಟದ್ದು. ಈ ಕ್ರಮವನ್ನು ವೈದ್ಯರೇ ನಿರ್ಧರಿಸಬೇಕು.

ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರನ್ನು ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗವನ್ನು ಇದಕ್ಕಾಗಿ ಸಂಪರ್ಕಿಸಬಹುದು. ಹೋಗುವಾಗ ತಾಯಿ ಕಾರ್ಡು, ಹಿಂದಿನ ಪರೀಕ್ಷೆಯ ವರದಿಗಳು, ಲಕ್ಷಣಗಳನ್ನು ಬರೆದಿಟ್ಟ ನೋಟ್ ಪುಸ್ತಕ, ಈಗ ಕೊಡುತ್ತಿರುವ ಔಷಧಿಗಳ ಬಾಟಲಿಗಳು ಹಾಗೂ ಕಳೆದ ಮೂರು ದಿನಗಳಲ್ಲಿ ಮಗು ತಿಂದ ಆಹಾರದ ಪಟ್ಟಿಯನ್ನು ಜೊತೆಗೆ ಒಯ್ಯಲು ಕೋರಲಾಗಿದೆ.